ಬಣ್ಣ ಬದಲಿಸಿದ ಬೆಳಕು: ಸರ್ ಸಿ.ವಿ. ರಾಮನ್

ಬೆಂಗಳೂರಲ್ಲಿ ಓಡಾಡಿದವರಿಗೆಲ್ಲ ಸಿ.ವಿ. ರಾಮನ್ ನಗರ ಗೊತ್ತು. ಫೆಬ್ರವರಿ 28 ವಿಜ್ಞಾನ ದಿನ ಅಂತಾನೂ ಗೊತ್ತು, ಸ್ಕೂಲಲ್ಲಿ ಭಾಷಣ ಬಾಯಿಪಾಠ ಮಾಡಿದ್ದೀವಲ್ಲ! ಆದರೆ ಆ ಮನುಷ್ಯ ಕಂಡುಹಿಡಿದದ್ದು ಏನು, ಅದರಿಂದ ಇವತ್ತು ಏನು ಉಪಯೋಗ ಅಂತ ಕೇಳಿದ್ರೆ ನಾನೂ ಹೋದ ವರ್ಷದವರೆಗೆ ತಡವರಿಸ್ತಿದ್ದೆ. ದೂರದಲ್ಲಿ ನಿಂತು, ಮುಟ್ಟದೇ, ಒಂದು ಪುಡಿ ಸ್ಫೋಟಕವೋ ಅಲ್ಲವೋ ಅಂತ ಲೇಸರ್‌ನಿಂದ ಹೇಳಬಹುದು ಅಂತ ಓದಿದಾಗಲೇ ನನಗೆ ರಾಮನ್ ಜೀವನದ ಕಡೆ ನಿಜವಾದ ಕುತೂಹಲ ಬಂದದ್ದು.

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಗಣಿತ ಮತ್ತು ಭೌತಶಾಸ್ತ್ರದ ಉಪನ್ಯಾಸಕರು. ಹುಡುಗ ಬೆಳೆದದ್ದು ವಿಶಾಖಪಟ್ಟಣದಲ್ಲಿ. 11ನೇ ವಯಸ್ಸಿಗೆ ಮೆಟ್ರಿಕ್ ಮುಗಿಸಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ., ಆಮೇಲೆ ಎಂ.ಎ. ಮಾಡಿದರು. 1906ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಆಗ ಅವರಿಗೆ ಹೆಚ್ಚುಕಡಿಮೆ ನಮ್ಮ ವಯಸ್ಸು.

ಇಷ್ಟಾದರೂ ಆಗಿನ ಕಾಲದಲ್ಲಿ ಭಾರತೀಯನೊಬ್ಬ ವಿಜ್ಞಾನವನ್ನೇ ನಂಬಿ ಹೊಟ್ಟೆ ಹೊರೆಯೋದು ಕಷ್ಟ. ಹಾಗಾಗಿ 1907ರಲ್ಲಿ ಪರೀಕ್ಷೆ ಬರೆದು ಸರ್ಕಾರದ ಹಣಕಾಸು ಇಲಾಖೆಗೆ ಸೇರಿಕೊಂಡರು. ಅದೇ ವರ್ಷ ಲೋಕಸುಂದರಿ ಅವರ ಜೊತೆ ಮದುವೆ. ಕಲ್ಕತ್ತದಲ್ಲಿ ದೊಡ್ಡ ಹುದ್ದೆ, ಕೈತುಂಬ ಸಂಬಳ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡ್ರೀಮ್ ಪ್ಲೇಸ್‌ಮೆಂಟ್!

ಆದರೆ ಬೌಬಜಾರ್ ರಸ್ತೆಯಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಅನ್ನೋ ಬೋರ್ಡ್ ಕಣ್ಣಿಗೆ ಬಿತ್ತು. ಅಲ್ಲಿನ ಪ್ರಯೋಗಾಲಯ ಹೆಚ್ಚುಕಡಿಮೆ ಖಾಲಿ ಬಿದ್ದಿತ್ತು. ಆಫೀಸಿಗೆ ಹೋಗೋ ಮೊದಲು, ಆಫೀಸು ಮುಗಿದ ಮೇಲೆ, ಅಲ್ಲೇ ಕೂತು ಪಿಟೀಲು, ವೀಣೆ, ಮೃದಂಗದ ನಾದದ ಮೇಲೆಲ್ಲ ಕೆಲಸ ಮಾಡಿದರು. ಹತ್ತು ವರ್ಷ ಹೀಗೇ ನಡೀತು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆ ಸಿಕ್ಕಾಗ, ಸಂಬಳ ಕಡಿಮೆ ಅಂತ ಗೊತ್ತಿದ್ದೂ ಸರ್ಕಾರಿ ಕೆಲಸ ಬಿಟ್ಟರು. ಮನೇಲಿ ಹೆಂಡತಿ ಇದ್ದಾಗ ಇಂಥ ನಿರ್ಧಾರ ಸುಲಭ ಅಲ್ಲ. ನೊಬೆಲ್ ಬರುತ್ತೆ ಅಂತ ಆಗ ಯಾರೂ ಬರೆದುಕೊಟ್ಟಿರಲಿಲ್ಲ.

1921ರಲ್ಲಿ ಇಂಗ್ಲೆಂಡಿಗೆ ಹೋಗಿಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಕಾಡಿತು. ಸಮುದ್ರ ಬರೀ ಆಕಾಶವನ್ನು ಪ್ರತಿಫಲಿಸುತ್ತೆ ಅನ್ನೋ ಉತ್ತರ ಸಾಕಾಗಲಿಲ್ಲ. ಹಡಗಿನಲ್ಲೇ ಒಂದು ನಿಕಲ್ ಪ್ರಿಸಂ ಹಿಡಿದು, ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆದು ನೋಡಿದರು. ನೀಲಿ ಹಾಗೇ ಉಳಿಯಿತು. ಅಂದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ.

ಅಲ್ಲಿಂದ ಏಳು ವರ್ಷ ಅದೇ ದಾರಿ. ಕೆ.ಎಸ್. ಕೃಷ್ಣನ್ ಜೊತೆಗಿದ್ದರು. ಉಪಕರಣ ತುಂಬ ಸರಳ. ಟೆಲಿಸ್ಕೋಪಿನ ಲೆನ್ಸಿನಿಂದ ಸೂರ್ಯನ ಬೆಳಕನ್ನು ಒಟ್ಟುಮಾಡಿ, ನೀಲಿ-ನೇರಳೆ ಫಿಲ್ಟರ್ ದಾಟಿಸಿ, ಶುದ್ಧ ದ್ರವದೊಳಗೆ ಬಿಡೋದು. ಕಣ್ಣಿನ ಮುಂದೆ ಹಸಿರು ಫಿಲ್ಟರ್. ಒಳಗೆ ಹೋದ ಬೆಳಕಲ್ಲಿ ಹಸಿರೇ ಇಲ್ಲ, ಹಾಗಾಗಿ ಕತ್ತಲೆ ಕಾಣಬೇಕು. ಆದರೆ ಮಂದವಾಗಿ ಬೆಳಕು ಕಂಡಿತು! ಬೆಳಕು ಬಣ್ಣ ಬದಲಿಸಿತ್ತು. 1928ರ ಫೆಬ್ರವರಿ 28ರಂದು ಇದು ಖಚಿತವಾಯಿತು. ಮಾರ್ಚ್ 16ರಂದು ರಾಮನ್ ಇದರ ಬಗ್ಗೆ ವಿವರವಾಗಿ ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಅದೇ ಸಮಯಕ್ಕೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಇದನ್ನೇ ಕಂಡಿದ್ದರು. ಆದರೆ 1930ರ ನೊಬೆಲ್ ಬಂದದ್ದು ರಾಮನ್ ಒಬ್ಬರಿಗೇ.

ಇದರ ಅರ್ಥ ಸರಳ. ಅಣುವಿಗೆ ಬಡಿದ ಬೆಳಕಿನ ಕಣಗಳಲ್ಲಿ ಬಹುಪಾಲು ಹಾಗೇ ಚದುರುತ್ತವೆ. ಸುಮಾರು ಕೋಟಿಗೆ ಒಂದು ಮಾತ್ರ ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟೋ ಪಡೆದೋ ಬಣ್ಣ ಬದಲಿಸುತ್ತೆ. ಎಷ್ಟು ಬದಲಾಯಿತು ಅನ್ನೋದು ಆ ಅಣುವಿನ ಬೆರಳಚ್ಚು ಇದ್ದ ಹಾಗೆ. ಉದಾಹರಣೆಗೆ ಅಮೋನಿಯಂ ನೈಟ್ರೇಟ್ ಗೊಬ್ಬರವೂ ಹೌದು, ಸ್ಫೋಟಕದ ಕಚ್ಚಾವಸ್ತುವೂ ಹೌದು. ಅದರ ಮೇಲೆ 532 ನ್ಯಾನೋಮೀಟರ್ ಹಸಿರು ಲೇಸರ್ ಬಿಟ್ಟರೆ, ಸುಮಾರು 563 ನ್ಯಾನೋಮೀಟರ್ ಹತ್ತಿರ ಅದರ ಮುಖ್ಯ ಗೆರೆ ಕಾಣುತ್ತೆ. ದೂರದಿಂದ ಪತ್ತೆ ಮಾಡೋ ಯಂತ್ರ ಮಾಡೋದು ಇಷ್ಟೇ: ಲೇಸರ್ ಮಿಂಚಿಸು, ವಾಪಸ್ ಬಂದ ಮಂದ ಬೆಳಕನ್ನು ಟೆಲಿಸ್ಕೋಪ್‌ನಲ್ಲಿ ಹಿಡಿ, ಗೆರೆಗಳನ್ನು ಮೊದಲೇ ಇಟ್ಟುಕೊಂಡ ಪಟ್ಟಿಗೆ ಹೋಲಿಸು. ಬಾಂಬ್ ಪತ್ತೆಮಾಡೋ ಸಿಬ್ಬಂದಿ ಹತ್ತಿರ ಹೋಗಿ ಮುಟ್ಟಬೇಕಿಲ್ಲ. ಒಂದು ಜೀವ ಉಳಿಯೋ ವಿಷಯ ಇದು.

ಹಾಗಂತ ಎಲ್ಲ ಸಲೀಸಲ್ಲ. ದೂರ ದುಪ್ಪಟ್ಟಾದರೆ ಸಿಗೋ ಬೆಳಕು ಕಾಲು ಭಾಗ. ಹಗಲಿನ ಬೆಳಕು, ವಸ್ತುವಿನದೇ ಫ್ಲೋರೆಸೆನ್ಸ್ ಎರಡೂ ಗೆರೆಗಳನ್ನು ಮುಚ್ಚಿಬಿಡ್ತವೆ. ಲೇಸರ್ ಜೋರಾದರೆ ದಾರಿಹೋಕರ ಕಣ್ಣಿಗೆ ಅಪಾಯ. ಕಪ್ಪು ಪುಡಿಯಾದರೆ ಬಿಸಿಯಾಗಿ ಹತ್ತಿಕೊಳ್ಳಲೂಬಹುದು. ಇವೆಲ್ಲ ಎಂಜಿನಿಯರುಗಳು ಬಿಡಿಸಬೇಕಾದ ಲೆಕ್ಕ, ಅಂದ್ರೆ ನಮ್ಮದು.

ರಾಮನ್ 1933ರಲ್ಲಿ ಐಐಎಸ್‌ಸಿಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಅದೇ ವರ್ಷ ಕಮಲಾ ಭಾಗವತ್ ಅನ್ನೋ ವಿದ್ಯಾರ್ಥಿನಿ ಸೀಟು ಕೇಳಿದಾಗ, ಹೆಣ್ಣು ಅನ್ನೋ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿಯಾಗಿ ಹೆಸರಾದ ಆಕೆ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮಾಡಿದರು. ಅಷ್ಟು ಮಂದವಾದ ಬೆಳಕನ್ನು ಗುರುತಿಸಿದವರಿಗೆ ಎದುರಿಗೆ ನಿಂತ ಪ್ರತಿಭೆ ಮೊದಲ ನೋಟಕ್ಕೆ ಕಾಣಲಿಲ್ಲ. ದೊಡ್ಡವರ ತಪ್ಪೂ ನಮಗೆ ಪಾಠವೇ.

1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರೂ 1948ರವರೆಗೆ ಅಲ್ಲೇ ಪ್ರಾಧ್ಯಾಪಕರಾಗಿದ್ದರು. ಆಮೇಲೆ ಮೇಖ್ರಿ ಸರ್ಕಲ್ ಹತ್ತಿರ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1954ರಲ್ಲಿ ಭಾರತರತ್ನ ಬಂತು. 1960ರಲ್ಲಿ ಲೇಸರ್ ಹುಟ್ಟಿದಾಗ ಅವರಿಗೆ ಎಪ್ಪತ್ತು ದಾಟಿತ್ತು. 1970ರ ನವೆಂಬರ್ 21ರಂದು ಬೆಂಗಳೂರಲ್ಲೇ ತೀರಿಕೊಂಡರು. ಅಂತ್ಯಕ್ರಿಯೆ ಅವರ ಸಂಸ್ಥೆಯ ತೋಟದಲ್ಲೇ ನಡೆಯಿತು.

2021ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಪರ್ಸೆವೆರೆನ್ಸ್ ರೋವರ್ ಕೂಡ ಹಸಿರು ಲೇಸರ್ ಬಿಟ್ಟು, ಕೆಲವು ಮೀಟರ್ ದೂರದ ಕಲ್ಲಿನ ಗುರುತನ್ನು ರಾಮನ್ ಪರಿಣಾಮದಿಂದಲೇ ಹಿಡಿಯುತ್ತೆ. ಸಮುದ್ರ ಯಾಕೆ ನೀಲಿ ಅಂತ ಕೇಳಿದಾಗ ಅವರ ತಲೇಲಿ ಬಾಂಬೂ ಇರಲಿಲ್ಲ, ಮಂಗಳವೂ ಇರಲಿಲ್ಲ. ಹಾಗಾಗಿ ಮುಂದಿನ ಸಲ ಕ್ಲಾಸಲ್ಲಿ ಯಾರಾದರೂ ಪೆದ್ದು ಪ್ರಶ್ನೆ ಕೇಳಿದ್ರೆ ನಗಬೇಡಿ. ಆ ಪ್ರಶ್ನೆ ನಿಮ್ಮದೇ ಆಗಿದ್ರೆ ಧೈರ್ಯವಾಗಿ ಕೇಳಿಬಿಡಿ.