ಕಲ್ಲಿನ ಜಾಡು ಹಿಡಿದು ನಡೆದ ರಾಬರ್ಟ್ ಬ್ರೂಸ್ ಫೂಟ್

ಮಕ್ಕಳೇ, ಭದ್ರಾವತಿ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಕಬ್ಬಿಣದ ಕಾರ್ಖಾನೆ ಅಲ್ಲವೇ? 1923ರಲ್ಲಿ ಇಲ್ಲಿ ಕಬ್ಬಿಣದ ಉತ್ಪಾದನೆ ಪ್ರಾರಂಭವಾಯಿತು. ಅದಕ್ಕೆ ಬೇಕಾದ ಅದಿರನ್ನು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ತರುತ್ತಿದ್ದರು. ಶಿವಮೊಗ್ಗದ ಹತ್ತಿರದ ಕುಂಸಿಯಲ್ಲಿ ಮ್ಯಾಂಗನೀಸ್ ಅದಿರು ದೊರೆಯುತ್ತಿತ್ತು. ಈ ಅದಿರುಗಳೆಲ್ಲ ಇರುವ ಶಿಲೆಗಳಿಗೆ ಭೂವಿಜ್ಞಾನಿಗಳು ಕೊಟ್ಟಿರುವ ಹೆಸರು ಧಾರವಾಡ ಶಿಲೆಗಳು.

ಇದೇನು ವಿಚಿತ್ರ! ಮಲೆನಾಡಿನ ಕಲ್ಲಿಗೆ ಧಾರವಾಡದ ಹೆಸರೇಕೆ? ಈ ಹೆಸರನ್ನು ಇಟ್ಟವರು ಯಾರು? ಅದನ್ನು ತಿಳಿಯಲು ನಾವು ನೂರೈವತ್ತು ವರ್ಷಗಳಿಗೂ ಹಿಂದೆ ಹೋಗಬೇಕು.

ಮದರಾಸಿಗೆ ಬಂದ ತರುಣ

ರಾಬರ್ಟ್ ಬ್ರೂಸ್ ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ. 24ನೆಯ ವಯಸ್ಸಿನಲ್ಲಿ, ಅಂದರೆ 1858ರಲ್ಲಿ, ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿದರು. ಭಾರತದ ನೆಲದಲ್ಲಿ ಎಲ್ಲೆಲ್ಲಿ ಯಾವ ಯಾವ ಶಿಲೆಗಳಿವೆ ಎಂದು ಪತ್ತೆ ಹಚ್ಚಿ ನಕ್ಷೆ ತಯಾರಿಸುವುದು ಈ ಸಂಸ್ಥೆಯ ಕೆಲಸ. ಫೂಟ್ ಅವರಿಗೆ ದಕ್ಷಿಣ ಭಾರತದ ಕೆಲಸವನ್ನು ವಹಿಸಲಾಯಿತು.

ಆಗ ವಿಮಾನದಿಂದ ತೆಗೆದ ಚಿತ್ರಗಳಿರಲಿಲ್ಲ. ಉಪಗ್ರಹಗಳಂತೂ ಇಲ್ಲವೇ ಇಲ್ಲ. ಮಳೆಗಾಲ ಮುಗಿದ ಮೇಲೆ ಭೂವಿಜ್ಞಾನಿಗಳು ಡೇರೆ ಸಮೇತ ಹೊರಡುತ್ತಿದ್ದರು. ಸುತ್ತಿಗೆಯಿಂದ ಬಂಡೆಯ ಚೂರು ಒಡೆದು ಒಳಗಿನ ಬಣ್ಣ ನೋಡುತ್ತಿದ್ದರು. ಶಿಲೆಯ ಪದರುಗಳು ಯಾವ ದಿಕ್ಕಿಗೆ ಹರಡಿವೆ, ಎತ್ತ ವಾಲಿವೆ ಎಂದು ದಿಕ್ಸೂಚಿಯಿಂದ ಅಳೆಯುತ್ತಿದ್ದರು. ಕಂಡದ್ದನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದು ನಕ್ಷೆಯಲ್ಲಿ ಗುರುತು ಹಾಕುತ್ತಿದ್ದರು. ಮಳೆಗಾಲ ಬಂದಾಗ ಕುಳಿತು ವರದಿ ಬರೆಯುತ್ತಿದ್ದರು. ಇದಕ್ಕೆ ಕ್ಷೇತ್ರಕಾರ್ಯ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಫುಟ್ ಎಂದರೆ ಪಾದ. ಹೆಸರಿಗೆ ತಕ್ಕಂತೆ ಫೂಟ್ ಸುತ್ತಾಟದಲ್ಲೇ ಬದುಕು ಕಳೆದರು!

ಜಲ್ಲಿಯಲ್ಲಿ ಸಿಕ್ಕ ಕೊಡಲಿ

1863ನೇ ಇಸವಿ ಮೇ 30. ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಒಂದು ಜಲ್ಲಿ ಗುಂಡಿ ಇತ್ತು. ನಮ್ಮ ಜಂಬಿಟ್ಟಿಗೆ ಕಲ್ಲಿನಂಥ ಕೆಂಪು ಜಲ್ಲಿ ಅದು. ಅದನ್ನು ನೋಡುತ್ತಿದ್ದ ಫೂಟ್ ಅವರಿಗೆ ಒಂದು ಕಲ್ಲು ಬೇರೆ ರೀತಿ ಕಂಡಿತು. ಅದರ ಎರಡೂ ಬದಿಗಳಲ್ಲಿ ಚಕ್ಕೆ ಎಬ್ಬಿಸಿದ ಗುರುತುಗಳಿದ್ದವು. ಅಂಚು ಚೂಪಾಗಿತ್ತು. ನದಿಯಲ್ಲಿ ಉರುಳಿದ ಕಲ್ಲು ಹೀಗಾಗುವುದಿಲ್ಲ. ಇದು ಆದಿಮಾನವ ತಯಾರಿಸಿದ ಕೈಕೊಡಲಿ ಎಂದು ಅವರು ಗುರುತಿಸಿದರು.

ಅದಕ್ಕೆ ಕೆಲವೇ ವರ್ಷಗಳ ಹಿಂದೆ ಫ್ರಾನ್ಸ್ ದೇಶದಲ್ಲಿ ಇಂಥ ಉಪಕರಣಗಳು ದೊರೆತಿದ್ದವು. ಅವು ಬಹು ಪ್ರಾಚೀನವಾದವು ಎಂದು ವಿಜ್ಞಾನಿಗಳು ಒಪ್ಪಿದ್ದು 1859ರಲ್ಲಿ. ಭಾರತದಲ್ಲಿಯೂ ಅಷ್ಟು ಹಿಂದೆ ಮನುಷ್ಯರಿದ್ದರು ಎಂಬುದಕ್ಕೆ ಫೂಟ್ ಅವರ ಕೊಡಲಿ ಸಾಕ್ಷಿಯಾಯಿತು. ಅದೇ ವರ್ಷ ಫೂಟ್ ಮತ್ತು ಅವರ ಸಹೋದ್ಯೋಗಿ ವಿಲಿಯಂ ಕಿಂಗ್ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನಷ್ಟು ಉಪಕರಣಗಳನ್ನು ಕಂಡರು. ಆಗ ಅವುಗಳ ವಯಸ್ಸನ್ನು ಅಳೆಯುವ ವಿಧಾನವಿರಲಿಲ್ಲ. ಅತ್ತಿರಂಪಾಕ್ಕಂನ ಅತಿ ಹಳೆಯ ಕೈಕೊಡಲಿಗಳಿಗೆ ಸುಮಾರು 15 ಲಕ್ಷ ವರ್ಷ ವಯಸ್ಸು ಎಂಬುದು 2011ರಲ್ಲಿ ಪ್ರಕಟವಾಯಿತು.

ಕನ್ನಡ ನಾಡಿನಲ್ಲಿ

ಮುಂದೆ ಫೂಟ್ ಬೆಳಗಾವಿ, ಧಾರವಾಡ, ಬಳ್ಳಾರಿ ಸೀಮೆಗಳನ್ನು ಸುತ್ತಿದರು. ಗೋಕಾಕದ ಬಳಿ ಅವರಿಗೆ ಘೇಂಡಾಮೃಗದ ಪಳೆಯುಳಿಕೆ ಸಿಕ್ಕಿತು. ಇಂದು ನಮ್ಮ ರಾಜ್ಯದ ಕಾಡುಗಳಲ್ಲಿ ಒಂದೂ ಘೇಂಡಾಮೃಗವಿಲ್ಲ. ಬಹು ಹಿಂದೆ ಅವು ಇಲ್ಲಿ ಓಡಾಡಿದ್ದವು ಎಂಬುದನ್ನು ಆ ಮೂಳೆಗಳು ಹೇಳಿದವು. ಬಳ್ಳಾರಿಯ ಸಂಗನಕಲ್ಲು ಭಾಗದ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ಜಾಗವನ್ನು ಅವರು ವಿವರಿಸಿದರು.

ಈ ತಿರುಗಾಟದಲ್ಲಿ ಅವರು ಇನ್ನೊಂದು ಮುಖ್ಯ ಸಂಗತಿಯನ್ನು ಗಮನಿಸಿದರು. ನಮ್ಮ ನಾಡಿನ ಬಹುಭಾಗದಲ್ಲಿ ಬಿಳಿ, ಬೂದು ಪಟ್ಟೆಗಳಿರುವ ಗಟ್ಟಿ ಕಲ್ಲು ಇದೆ. ಅದರ ಹೆಸರು ನೈಸ್. ಅದರ ನಡುವೆ ಅಲ್ಲಲ್ಲಿ ಕಪ್ಪು, ಹಸಿರು, ಕೆಂಪು ಛಾಯೆಯ ಪದರುಗಲ್ಲುಗಳು ಉದ್ದುದ್ದ ಪಟ್ಟಿಗಳಾಗಿ ಹಬ್ಬಿವೆ. ಅದಕ್ಕೆ ಮೊದಲು ಇವೆರಡನ್ನೂ ಒಟ್ಟಿಗೆ ಸೇರಿಸಿ ನೋಡುತ್ತಿದ್ದರು. ಫೂಟ್ ಇವು ಬೇರೆ ಬೇರೆ ಎಂದು ತೋರಿಸಿದರು. ಧಾರವಾಡ ಸೀಮೆಯಲ್ಲಿ ಚೆನ್ನಾಗಿ ಕಾಣಸಿಗುವ ಈ ಪದರುಗಲ್ಲುಗಳಿಗೆ 1880ರ ದಶಕದಲ್ಲಿ ಧಾರವಾಡ ಶಿಲೆಗಳು ಎಂದು ಹೆಸರಿಟ್ಟರು. ಒಂದು ಪಟ್ಟಿ ಧಾರವಾಡದಿಂದ ಶಿವಮೊಗ್ಗದವರೆಗೂ ಚಾಚಿದೆ. ಹೊನ್ನಾಳಿ ಸೀಮೆಯ ಬಂಗಾರದ ಪ್ರದೇಶವನ್ನೂ ಅವರು ನೋಡಿದರು. ಬಂಗಾರ, ಕಬ್ಬಿಣ, ಮ್ಯಾಂಗನೀಸ್ ಹುಡುಕುವವರಿಗೆ ಈ ವಿಂಗಡಣೆ ದೊಡ್ಡ ದಾರಿದೀಪವಾಯಿತು. ಎಲ್ಲೆಂದರಲ್ಲಿ ಅಗೆಯುವ ಬದಲು ಈ ಪಟ್ಟಿಗಳಲ್ಲಿ ಹುಡುಕಿದರೆ ಸಾಕಲ್ಲವೇ?

ಯಾವುದು ಹಳೆಯದು?

ಈಗ ಒಂದು ಕಠಿಣ ಪ್ರಶ್ನೆ ಎದ್ದಿತು. ನೈಸ್ ಹಳೆಯದೋ, ಧಾರವಾಡ ಶಿಲೆಗಳು ಹಳೆಯವೋ?

ಫೂಟ್ ಅವರ ಉತ್ತರ ಹೀಗಿತ್ತು. ನೈಸ್ ಕೆಳಗಿನ ನೆಲ. ಅದರ ಮೇಲೆ ಹಾಸಿದ ಚಾಪೆಯಂತೆ ಧಾರವಾಡ ಶಿಲೆಗಳು ಶೇಖರವಾದವು. ಮುಂದೆ ಭೂಮಿಯ ಒತ್ತಡದಿಂದ ಚಾಪೆ ಮಡಿಕೆ ಮಡಿಕೆಯಾಯಿತು. ಮಡಿಕೆಗಳ ಮೇಲ್ಭಾಗ ಸವೆದು ಹೋಗಿ ತಗ್ಗಿನ ಭಾಗಗಳು ಪಟ್ಟಿಗಳಾಗಿ ಉಳಿದವು. ಆದ್ದರಿಂದ ನೈಸ್ ಹಳೆಯದು.

ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆಯಿತು. ಮುಂದೆ ಅದರ ಮುಖ್ಯಸ್ಥರಾದ ಡಬ್ಲ್ಯು. ಎಫ್. ಸ್ಮೀತ್ ಫೂಟ್ ಅವರ ಮಾತನ್ನು ಒಪ್ಪಲಿಲ್ಲ. ಅನೇಕ ಕಡೆ ಬಿಳಿಯ ಶಿಲೆ ಬೇರುಗಳಂತೆ ಕಪ್ಪು ಶಿಲೆಯೊಳಗೆ ನುಗ್ಗಿರುವುದನ್ನು ಇಲಾಖೆಯವರು ಕಂಡಿದ್ದರು. ನುಗ್ಗಿದ್ದು ಹೊಸದು, ಮೊದಲೇ ಇದ್ದದ್ದು ಹಳೆಯದು. ಆದ್ದರಿಂದ ಧಾರವಾಡ ಶಿಲೆಗಳೇ ಹಳೆಯವು ಎಂಬುದು ಅವರ ವಾದ. ಇದೂ ಸುಮ್ಮನೆ ಊಹೆಯಲ್ಲ, ಕಣ್ಣಾರೆ ಕಂಡ ಸಾಕ್ಷ್ಯ. ಹಲವು ದಶಕಗಳ ಕಾಲ ಈ ಅಭಿಪ್ರಾಯವೇ ಪ್ರಬಲವಾಗಿತ್ತು. ಫೂಟ್ ಅವರ ಅಭಿಪ್ರಾಯ ಮೂಲೆ ಸೇರಿತು.

ಉತ್ತರ ಸಿಕ್ಕಿದ್ದು ಮತ್ತೆ ಬೆಟ್ಟ ಹತ್ತಿದಾಗ. ಭೂವಿಜ್ಞಾನಿಗಳು ಬಾಬಾಬುಡನ್, ತರೀಕೆರೆ ಭಾಗಗಳಲ್ಲಿ ಒಂದು ವಿಶೇಷ ಶಿಲೆಯನ್ನು ಅಭ್ಯಾಸ ಮಾಡಿದರು. ಅದರಲ್ಲಿ ಉರುಟಾದ ಕಲ್ಲುಗಳು ಒತ್ತೊತ್ತಾಗಿ ಅಂಟಿಕೊಂಡಿವೆ. ನೀವು ಕಡಲೆಕಾಯಿ ಚಿಕ್ಕಿ ತಿಂದಿದ್ದೀರಿ ತಾನೆ? ಚಿಕ್ಕಿಗಿಂತ ಮೊದಲು ಕಡಲೆಬೀಜ ಇರಲೇಬೇಕು. ಹಾಗೆಯೇ ಈ ಶಿಲೆಗಿಂತ ಅದರೊಳಗಿನ ಉರುಟು ಕಲ್ಲುಗಳು ಹಳೆಯವು. ತುಂಗಾ, ಭದ್ರಾ ಹೊಳೆಗಳಲ್ಲಿ ಕಲ್ಲುಗಳು ಉರುಳಿ ಉರುಳಿ ನುಣುಪಾಗುವಂತೆ ಅವೂ ಪ್ರಾಚೀನ ಕಾಲದ ನೀರಿನಲ್ಲಿ ನುಣುಪಾದವು. ಆ ಉರುಟು ಕಲ್ಲುಗಳಲ್ಲಿ ಗ್ರಾನೈಟ್ ಮತ್ತು ನೈಸ್ ಇದ್ದವು! ಅಂದರೆ ಇಲ್ಲಿ ಧಾರವಾಡ ಶಿಲೆಗಳು ಶೇಖರವಾಗುವ ಹೊತ್ತಿಗೆ ನೈಸ್ ಆಗಲೇ ಇತ್ತು.

ಶಿಲೆಯಲ್ಲಿರುವ ಯುರೇನಿಯಂನಂಥ ವಿಕಿರಣಶೀಲ ಧಾತುಗಳಿಂದ ವಯಸ್ಸನ್ನು ಲೆಕ್ಕ ಹಾಕುವ ವಿಧಾನವೂ ಬಂದಿತು. ಕರ್ನಾಟಕದ ನೈಸ್ ಶಿಲೆಗಳಲ್ಲಿ ಬಹಳಷ್ಟು 300 ಕೋಟಿ ವರ್ಷಕ್ಕೂ ಹಳೆಯವು. ಬಾಬಾಬುಡನ್, ಶಿವಮೊಗ್ಗ ಭಾಗದ ಧಾರವಾಡ ಶಿಲೆಗಳು ಸುಮಾರು 260ರಿಂದ 290 ಕೋಟಿ ವರ್ಷಗಳ ಹಿಂದಿನವು. ಫೂಟ್ ಇಲ್ಲಿ ಸರಿಯಾಗಿದ್ದರು.

ಹಾಗಾದರೆ ಸ್ಮೀತ್ ತಪ್ಪೇ? ಪೂರ್ತಿ ಅಲ್ಲ. ಧಾರವಾಡ ಶಿಲೆಗಳೆಂದು ಕರೆದವುಗಳಲ್ಲಿ ಕೆಲವು ನಿಜಕ್ಕೂ ಬಹಳ ಹಳೆಯವು. ಅವುಗಳ ಒಳಗೆ ನೈಸ್ ನುಗ್ಗಿದೆ. ಅವನ್ನು ಈಗ ಮೈಸೂರು ಜಿಲ್ಲೆಯ ಸರಗೂರಿನ ಹೆಸರಿನಲ್ಲಿ ಬೇರೆ ಗುಂಪಾಗಿ ಇಟ್ಟಿದ್ದಾರೆ. ಇಬ್ಬರೂ ಕಂಡದ್ದು ನಿಜವೇ. ಆದರೆ ಒಂದೇ ಹೆಸರಿನ ಕೆಳಗೆ ಎರಡು ಕಾಲದ ಶಿಲೆಗಳು ಸೇರಿಕೊಂಡಿದ್ದವು.

ಕೊನೆಯ ದಿನಗಳು

ಫೂಟ್ 33 ವರ್ಷ ಸೇವೆ ಸಲ್ಲಿಸಿ 1891ರಲ್ಲಿ ನಿವೃತ್ತರಾದರು. ಆದರೂ ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಿದರು. ತಮಿಳುನಾಡಿನ ಏರ್ಕಾಡಿನಲ್ಲಿ ನೆಲೆಸಿದರು. ತಾವು ಸಂಗ್ರಹಿಸಿದ ಪ್ರಾಚೀನ ವಸ್ತುಗಳನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಯಾವ ವಸ್ತು ಯಾವ ಊರಿನಲ್ಲಿ ಸಿಕ್ಕಿತು ಎಂದು ಒಂದೊಂದಕ್ಕೂ ವಿವರ ಬರೆದರು. ಸಿಕ್ಕ ಜಾಗ ಗೊತ್ತಿಲ್ಲದ ಕಲ್ಲು ಬರೀ ಕಲ್ಲು. ಜಾಗ ಗೊತ್ತಿದ್ದರೆ ಅದು ಸಾಕ್ಷ್ಯ. 1912ರ ಡಿಸೆಂಬರ್ 29ರಂದು ಫೂಟ್ ತೀರಿಕೊಂಡರು. ಅವರ ಸಂಗ್ರಹದ ವಿವರವಾದ ಪಟ್ಟಿ ಪುಸ್ತಕವಾಗಿ ಹೊರಬಂದದ್ದು ಅವರ ಮರಣದ ನಂತರ.

ಇಂದು ಭೂವಿಜ್ಞಾನ ಕಲಿಯಲು ವಿಶ್ವವಿದ್ಯಾನಿಲಯಗಳಿವೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯ ಪ್ರಾರಂಭವಾದದ್ದು 1987ರಲ್ಲಿ. ಅಲ್ಲಿಯೂ ಈ ವಿಷಯವನ್ನು ಕಲಿಸುತ್ತಾರೆ. ಉಪಗ್ರಹದ ಚಿತ್ರಗಳು, ಕಂಪ್ಯೂಟರುಗಳು ಈಗ ಇವೆ. ಆದರೂ ಭೂವಿಜ್ಞಾನ ಓದುವವರು ಸುತ್ತಿಗೆ, ದಿಕ್ಸೂಚಿ, ಟಿಪ್ಪಣಿ ಪುಸ್ತಕ ಹಿಡಿದು ಬೆಟ್ಟ ಹತ್ತಲೇಬೇಕು. ತರಗತಿಯಲ್ಲಿ ಓದಿದ್ದನ್ನು ಬಂಡೆಯ ಮುಂದೆ ನಿಂತು ಪರೀಕ್ಷಿಸಲೇಬೇಕು. ಫೂಟ್ ಮತ್ತು ಸ್ಮೀತ್ ಅವರ ವಾದ ತೀರ್ಮಾನವಾದದ್ದೂ ಹಾಗೆಯೇ ತಾನೆ?

ನೀವೂ ಮಾಡಿ ನೋಡಿ

ನಿಮ್ಮ ಶಾಲೆಯ ಸುತ್ತ, ಹೊಲದ ಬದುವಿನಲ್ಲಿ ಬಿದ್ದಿರುವ ಐದು ಬೇರೆ ಬೇರೆ ಕಲ್ಲುಗಳನ್ನು ಆರಿಸಿ. ಕಲ್ಲುಕ್ವಾರಿಗೆ ಇಲ್ಲವೇ ಆಳದ ಹೊಳೆಗೆ ಹೋಗಬೇಡಿ. ಕಲ್ಲುಗಳನ್ನು ತೊಳೆದು ಒಣಗಿಸಿ. ಪ್ರತಿಯೊಂದಕ್ಕೂ ಸಂಖ್ಯೆ ಅಂಟಿಸಿ. ಸಿಕ್ಕ ಜಾಗ, ದಿನಾಂಕ, ಬಣ್ಣ, ಪಟ್ಟೆ ಇದೆಯೇ, ಉರುಟೇ ಚೂಪೇ ಎಂದು ಬರೆಯಿರಿ. ಶಾಲೆಯ ನಕ್ಷೆ ಬರೆದು ಸಂಖ್ಯೆಗಳನ್ನು ಗುರುತಿಸಿ. ಯಾವುದು ಅಲ್ಲಿಯದೇ, ಯಾವುದು ಬೇರೆಡೆಯಿಂದ ಬಂದದ್ದು ಎಂದು ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ. ಇದೇ ನಿಮ್ಮ ಮೊದಲ ಕ್ಷೇತ್ರಕಾರ್ಯ!