ನೀರ್ ಸಾಬ್

ನಮ್ಮ ಶಾಲೆಯಲ್ಲಿ ಎಂಬತ್ತರ ದಶಕದಲ್ಲಿ ಓದಿದವರಿಗೆ ಬೋರಿಂಗ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಕೈಪಂಪು ಕರ್ನಾಟಕದ ಹಳ್ಳಿ ಹಳ್ಳಿಯಲ್ಲೂ ನಿಲ್ಲಲೇಬೇಕೆಂದು ಹಠ ಹಿಡಿದವರು ಸಚಿವ ಅಬ್ದುಲ್ ನಜೀರ್ ಸಾಬ್. ಇಂದಿನ ಮಕ್ಕಳಿಗೆ ಈ ಹೆಸರು ಹೊಸದಿರಬಹುದು. ಮನೆಯ ಹಿರಿಯರಲ್ಲಿ ನೀರ್ ಸಾಬ್ ಎಂದು ಕೇಳಿ ನೋಡಲಿ, ಗುರುತು ಸಿಗುತ್ತದೆ.

ಗುಂಡ್ಲುಪೇಟೆ ಅವರ ಊರು. ಆಗ ಮೈಸೂರು ಜಿಲ್ಲೆಗೆ, ಈಗ ಚಾಮರಾಜನಗರಕ್ಕೆ ಸೇರಿದ್ದು. 1983ರಲ್ಲಿ ರಚನೆಯಾದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಅವರದಾಯಿತು. ಅವು ಬರದ ವರ್ಷಗಳು. ನಗರಗಳಿಗೆ ನದಿಯ ನೀರು ಕೊಳವೆಯಲ್ಲಿ ಬರುತ್ತಿತ್ತು. ಬಯಲುಸೀಮೆಯ ಹಳ್ಳಿಗೆ ಅಂಥ ಯಾವ ಆಸರೆಯೂ ಇರಲಿಲ್ಲ. ಬೇಸಿಗೆ ಬಂತೆಂದರೆ ಸೇದುವ ಬಾವಿಯ ತಳ ಕಾಣುತ್ತಿತ್ತು. ಹೆಂಗಸರು ಹಳ್ಳದ ಮರಳು ತೋಡಿ, ಒರತೆ ಜಿನುಗುವವರೆಗೆ ಕಾದು, ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸಿಕೊಳ್ಳಬೇಕಿತ್ತು. ಉತ್ತರದ ಒಣ ಜಿಲ್ಲೆಗಳಲ್ಲಿ ಮೆಟ್ಟಿಲುಬಾವಿಗೆ ಇಳಿದು ತಂದ ನೀರಿನಿಂದಲೇ ನಾರುಹುಣ್ಣು ಹರಡುತ್ತಿತ್ತು. ಕುಡಿದು ವರ್ಷದ ಮೇಲೆ ಕಾಲಿನಿಂದ ಹುಳು ಹೊರಬರುವ ಆ ರೋಗವನ್ನು ಕಂಡವರು ಮರೆಯಲಾರರು. ಇನ್ನು ಊರಬಾವಿ ಮುಟ್ಟುವಂತಿಲ್ಲದ ಕೇರಿಯ ಜನ ಬೇರೆಯವರು ಸೇದಿ ಹಾಕುವವರೆಗೆ ದೂರ ನಿಲ್ಲಬೇಕಿತ್ತು. ಬರ ಅವರಿಗೆ ಎರಡು ಪಟ್ಟು.

ಕೊಳವೆಬಾವಿಯನ್ನು ನಜೀರ್ ಸಾಬರು ಕಂಡುಹಿಡಿದದ್ದೇನಲ್ಲ. ಕಲ್ಲುಬಂಡೆಯನ್ನು ಗಾಳಿಯ ಒತ್ತಡದಿಂದ ಕೊರೆಯುವ ಯಂತ್ರಗಳು ಅದಕ್ಕೂ ಮೊದಲೇ ದೇಶಕ್ಕೆ ಬಂದಿದ್ದವು. ಇಂಡಿಯಾ ಮಾರ್ಕ್ 2 ಎಂಬ ಗಟ್ಟಿ ಕೈಪಂಪು ಎಪ್ಪತ್ತರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡಿತ್ತು. 250 ಜನರಿಗೆ ಒಂದು ಪಂಪು ಎಂಬ ಲೆಕ್ಕವೂ ಇತ್ತು. ಲೆಕ್ಕ ಕಡತದಲ್ಲಿತ್ತು, ಪಂಪು ಊರಲ್ಲಿರಲಿಲ್ಲ. ಆ ಅಂತರವನ್ನು ತುಂಬಿಸುವುದೇ ಅವರ ಕೆಲಸವಾಯಿತು. ಕೊರೆಯುವ ಲಾರಿಗಳು ದೂಳೆಬ್ಬಿಸುತ್ತ ಕುಗ್ರಾಮಗಳಿಗೂ ಬಂದವು. ಕೇರಿಯೊಳಗೇ ಪಂಪು ನಿಂತ ಕಡೆ ಬಾವಿಕಟ್ಟೆಯ ಕಾಯುವಿಕೆ ತಪ್ಪಿತು. ಮುಚ್ಚಿದ ಬಾವಿಯಾದ್ದರಿಂದ ಅದರಲ್ಲಿ ಯಾರೂ ಕಾಲಿಡುವಂತಿರಲಿಲ್ಲ, ನಾರುಹುಣ್ಣಿನ ದಾರಿಯೂ ಅಷ್ಟರಮಟ್ಟಿಗೆ ಕಟ್ಟಿತು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಣೆಯಾದದ್ದರ ಹಿಂದೆ ಇಂಥ ಸಾವಿರಾರು ಪಂಪುಗಳ ಪಾಲಿದೆ.

ಆದರೆ ಪಂಪು ಕೆಡುತ್ತದೆ. ಒಳಗಿನ ಚರ್ಮದ ವಾಷರ್ ಸವೆಯುತ್ತದೆ, ಸರಪಳಿ ಕಳಚುತ್ತದೆ. ಮಾರ್ಕ್ 2ರಲ್ಲಿ ವಾಷರ್ ಬದಲಿಸಬೇಕಾದರೆ ಕೊಳವೆಗಳನ್ನೆಲ್ಲ ಒಂದೊಂದಾಗಿ ಮೇಲೆತ್ತಬೇಕು. ಅದಕ್ಕೆ ಆಳು, ಸಲಕರಣೆ, ಜೀಪು ಎಲ್ಲವೂ ಬೇಕು. ಯಾರನ್ನು ಕೇಳುವುದು? ಬೆಂಗಳೂರಿಗೆ ಅರ್ಜಿ ಬರೆದು ಕೂತರೆ ಮನೆಯ ಕೊಡ ತುಂಬುವುದಿಲ್ಲ. ನಜೀರ್ ಸಾಬರ ದೊಡ್ಡತನ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ನೀರಿನ ಜೊತೆಗೇ ಅಧಿಕಾರವನ್ನೂ ಹಳ್ಳಿಯ ಹತ್ತಿರಕ್ಕೆ ತರಲು ಅವರು ದುಡಿದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದ 1983ರ ಕಾಯಿದೆಯ ಹಿಂದಿನ ಶಕ್ತಿ ಅವರು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಗಲು 1985ರವರೆಗೆ ಕಾಯಬೇಕಾಯಿತು, ಚುನಾವಣೆ ನಡೆದದ್ದು 1987ರಲ್ಲಿ. ಶೇಕಡಾ 25ರಷ್ಟು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ದೇಶದ ಸಂವಿಧಾನ 73ನೇ ತಿದ್ದುಪಡಿಯ ಮೂಲಕ ಮೂರನೇ ಒಂದು ಭಾಗ ಕೊಟ್ಟದ್ದು ಅದಾದ ಆರು ವರ್ಷಕ್ಕೆ, 1993ರಲ್ಲಿ. ದಿನವೂ ಕೊಡ ಹೊರುವವಳೇ ಪಂಚಾಯಿತಿಯ ಕುರ್ಚಿಯಲ್ಲಿ ಕೂತಳು. ಕೆಲವು ಕಡೆ ಗಂಡನೇ ಆಡಳಿತ ನಡೆಸಿದ್ದೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಕೆಟ್ಟ ಬೋರಿಂಗಿನ ಬಗ್ಗೆ ಜಗಳವಾಡಲು ಹತ್ತಿರದಲ್ಲೇ ಒಬ್ಬ ಸದಸ್ಯ ಸಿಕ್ಕಂತಾಯಿತು.

ಹೊಸ ಪಂಚಾಯಿತಿಗಳು ಎರಡು ವರ್ಷ ತುಂಬುವ ಮೊದಲೇ, 1988ರಲ್ಲಿ, ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಮುಂದಿನದನ್ನು ಅವರು ನೋಡಲಿಲ್ಲ. ಅದೇ ಕೊರೆಯುವ ಯಂತ್ರ ಹೊಲಗಳಿಗೂ ನುಗ್ಗಿತು. ವಿದ್ಯುತ್ ಮೋಟಾರು ರಾತ್ರಿಯೆಲ್ಲ ನೀರೆತ್ತಿತು, ನೂರಿನ್ನೂರು ಅಡಿಯಲ್ಲಿದ್ದ ನೀರು ಕೆಳಗಿಳಿಯಿತು. ಕೈಯಿಂದ ಎತ್ತುವ ಪಂಪಿಗೆ ಆ ಆಳ ನಿಲುಕದು. ಕೋಲಾರ, ಪಾವಗಡದ ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಬಂದು ಮಕ್ಕಳ ಹಲ್ಲು ಕಂದಾಯಿತು, ದೊಡ್ಡವರ ಕೀಲು ಬಿಗಿಯಿತು. ಕುಡಿಯುವ ನೀರಿಗೆಂದು ತೋಡಿದ ಬಾವಿಯ ಪಕ್ಕದಲ್ಲೇ ಬೆಳೆಗೆಂದು ಇನ್ನೂ ಆಳಕ್ಕೆ ಕೊರೆದವರು ನಾವೇ. ಇದರ ಹೊಣೆಯನ್ನು ಸಾಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅವರ ಹೆಸರಿದೆ. ಹೊಸದಾಗಿ ಗೆದ್ದ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವುದು ಅದರ ಕೆಲಸ. ಹಳ್ಳಿಗಳಲ್ಲಿ ಅವರ ಕಾಲದ ಪಂಪುಗಳು ಹಲವು ಹಿಡಿ ಕಳೆದುಕೊಂಡು ದನ ಕಟ್ಟುವ ಗೂಟಗಳಾಗಿವೆ. ಅಲ್ಲೊಂದು ಇಲ್ಲೊಂದು ಇನ್ನೂ ನೀರು ಕೊಡುತ್ತಿವೆ. ಕರೆಂಟು ಹೋಗಿ ನಲ್ಲಿ ನಿಂತ ದಿನ ಅವುಗಳ ಮುಂದೆ ಕೊಡಗಳ ಸಾಲು.