ಸರ್ ಲಿಯೊನಾರ್ಡ್ ರೋಜರ್ಸರೂ ಆಮಶಂಕೆಯ ಮದ್ದೂ

ಆಮಶಂಕೆಯ ಹೆಸರನ್ನರಿಯದ ಮನೆ ನಮ್ಮಲ್ಲಿ ವಿರಳ. ಹೊಟ್ಟೆಯ ನುಲಿತ, ರಕ್ತಮಿಶ್ರವಾದ ಭೇದಿ, ದಿನೇ ದಿನೇ ಸೊರಗುವ ದೇಹ, ಕಡೆಗೆ ಕೆಲವರಿಗೆ ಯಕೃತ್ತಿನಲ್ಲಿ ಕೀವುಗಟ್ಟಿ ಮರಣ. ಹಿಂದಿನವರು ಕಣ್ಣಾರೆ ಕಂಡ ಸಂಕಟವಿದು. ಇದಕ್ಕೆ ತಡೆಯನ್ನು ಹುಡುಕಿದವರಲ್ಲಿ ಸರ್ ಲಿಯೊನಾರ್ಡ್ ರೋಜರ್ಸರು ಅಗ್ರಗಣ್ಯರು. ಅವರು ನಮ್ಮನ್ನಾಳಿದ ಪರಪ್ರಭುತ್ವದ ನೌಕರರಾಗಿದ್ದುದು ನಿಜ. ಆದರೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸದಿರುವುದು ದೇಶಾಭಿಮಾನವೆನಿಸದು.

1868ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಜನಿಸಿದ ರೋಜರ್ಸರು, ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು 1893ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸನ್ನು ಸೇರಿದರು. ಅಸ್ಸಾಮಿನಲ್ಲಿ ಕಾಲಾ ಅಜಾರ್ ಜ್ವರವನ್ನು ಪರಿಶೋಧಿಸಿದ ಬಳಿಕ, 1900ರಿಂದ ಸುಮಾರು 20 ವರ್ಷ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ರೋಗನಿದಾನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಮೃತರ ಶವಪರೀಕ್ಷೆಯನ್ನು ಮಾಡುತ್ತ, ಯಕೃತ್ತಿನ ಕೀವುಗುಳ್ಳೆಯ ಗೋಡೆಯಲ್ಲಿ ಅಮೀಬಾಗಳಿರುವುದನ್ನು ಕಂಡರು. ಕರುಳಿನ ರೋಗವೇ ಯಕೃತ್ತಿಗೆ ಏರುತ್ತದೆಂಬುದನ್ನೂ, ಮೊದಲೇ ಮದ್ದು ಕೊಟ್ಟರೆ ಕೀವುಗಟ್ಟುವುದನ್ನು ತಪ್ಪಿಸಬಹುದೆಂಬುದನ್ನೂ ಅವರು ಸಾರಿದರು.

ಮದ್ದೇನೋ ಹಳೆಯದೇ. ಬ್ರೆಜಿಲ್ ದೇಶದ ಇಪಿಕಾಕ್ ಬೇರು 17ನೆಯ ಶತಮಾನದಲ್ಲಿಯೇ ಯೂರೋಪನ್ನು ಮುಟ್ಟಿತ್ತು. ಆದರೆ ಅದನ್ನು ನುಂಗಿದ ರೋಗಿಗೆ ವಾಂತಿ ತಡೆಯುತ್ತಿರಲಿಲ್ಲ. ಇದಲ್ಲದೆ ಆಮಶಂಕೆಯಲ್ಲಿ ಎರಡು ಬಗೆ: ಒಂದು ಅಮೀಬಾದಿಂದ, ಇನ್ನೊಂದು ಬ್ಯಾಕ್ಟೀರಿಯಾದಿಂದ. ಈ ಭೇದವನ್ನು ಅರಿಯದೆ ಬೇರನ್ನು ಕೊಟ್ಟ ವೈದ್ಯರಲ್ಲಿ ಒಬ್ಬರು ಅದನ್ನು ಹೊಗಳಿದರೆ ಮತ್ತೊಬ್ಬರು ಹಳಿಯುತ್ತಿದ್ದರು.

ಆ ಬೇರಿನ ಸತ್ವವಾದ ಎಮೆಟೀನನ್ನು ಪ್ಯಾರಿಸ್ ನಗರದಲ್ಲಿ ಪೆಲ್ಲೆತಿಯೆ ಮತ್ತು ಮಾಜಾಂದೀ ಎಂಬವರು 1817ರಲ್ಲಿಯೇ ಬೇರ್ಪಡಿಸಿದ್ದರು. ಅದು ಅಮೀಬಾಗಳನ್ನು ಕೊಲ್ಲುವುದೆಂಬುದನ್ನು ಮನಿಲಾದಲ್ಲಿ ಅಮೆರಿಕದ ಸೇನಾವೈದ್ಯ ವೆಡ್ಡರರು ತೋರಿಸಿಕೊಟ್ಟರು. ರೋಜರ್ಸರು 1912ರಲ್ಲಿ ಅದನ್ನು ಸೂಜಿಯ ಮೂಲಕ ಚರ್ಮದಡಿಗೆ ಚುಚ್ಚಿ ಕಲ್ಕತ್ತೆಯ ರೋಗಿಗಳಿಗೆ ಕೊಟ್ಟರು. ಹೊಟ್ಟೆಗೆ ನುಂಗುವ ಕಷ್ಟ ತಪ್ಪಿತು. ಸಾವಿನ ಅಂಚಿನಲ್ಲಿದ್ದವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಈ ಚಿಕಿತ್ಸೆ ಬೇಗನೆ ಲೋಕವನ್ನು ವ್ಯಾಪಿಸಿತು.

ಆದರೆ ಮದ್ದಿನ ಮಿತಿಯನ್ನೂ ಹೇಳಬೇಕಾದುದು ನ್ಯಾಯ. ಎಮೆಟೀನ್ ಅಂಗಾಂಶದೊಳಗಿನ ಅಮೀಬಾಗಳನ್ನು ಕೊಂದರೂ ಕರುಳಿನಲ್ಲಿ ಕವಚ ತೊಟ್ಟು ಉಳಿದವುಗಳನ್ನು ನಿರ್ಮೂಲ ಮಾಡುತ್ತಿರಲಿಲ್ಲ. ಆದಕಾರಣ ರೋಗ ಮರುಕಳಿಸುತ್ತಿತ್ತು. ಪ್ರಮಾಣ ಮೀರಿದರೆ ಹೃದಯಕ್ಕೂ ಅಪಾಯವಿತ್ತು. 1966ರಲ್ಲಿ ದಕ್ಷಿಣ ಆಫ್ರಿಕೆಯ ಡರ್ಬನ್ನಿನ ವೈದ್ಯರು ಮೆಟ್ರೋನಿಡಜೋಲಿನ ಗುಣವನ್ನು ತೋರಿಸಿದ ಮೇಲೆ ಎಮೆಟೀನ್ ಹಿಂದೆ ಸರಿಯಿತು. ಇಂದು ಆ ಮಾತ್ರೆಯ ತರುವಾಯ, ಕರುಳಿನಲ್ಲಿ ಉಳಿದುದನ್ನು ತೊಲಗಿಸಲು ಡೈಲೊಕ್ಸನೈಡಿನಂಥ ಎರಡನೆಯ ಮದ್ದನ್ನು ಕೊಡುವುದು ಕ್ರಮ. ಗುಣವಾಯಿತೆಂದು ಎರಡನೆಯದನ್ನು ಬಿಡುವವರು ತಮಗೂ ನೆರೆಯವರಿಗೂ ಕೇಡನ್ನು ಉಳಿಸಿಕೊಳ್ಳುತ್ತಾರೆ.

ಕಾಲರಾ ರೋಗಿಗಳಿಗೆ ಗಾಢವಾದ ಉಪ್ಪುನೀರನ್ನು ರಕ್ತನಾಳಕ್ಕೆ ಏರಿಸಿ ಮರಣಗಳನ್ನು ತಗ್ಗಿಸಿದ ಕೀರ್ತಿಯೂ ರೋಜರ್ಸರದು. ಚಂದಾ ಎತ್ತಿ ಕಲ್ಕತ್ತೆಯಲ್ಲಿ ಉಷ್ಣವಲಯ ರೋಗಗಳ ವಿದ್ಯಾಲಯಕ್ಕೆ ಅಸ್ತಿಭಾರ ಹಾಕಿಸಿದವರೂ ಅವರೇ. ಸ್ವದೇಶಕ್ಕೆ ಮರಳಿದ ಬಳಿಕ ಕುಷ್ಠರೋಗಿಗಳ ಸೇವೆಗಾಗಿ ದುಡಿದು, 1962ರಲ್ಲಿ, 94ನೆಯ ವಯಸ್ಸಿನಲ್ಲಿ ದಿವಂಗತರಾದರು.

ರೋಜರ್ಸರಿಗೆ ಸರ್ ಪದವಿ ದೊರೆಯಿತು, ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆಯಿತು. ಆ ಸೂಜಿಗೆ ಮೊದಲು ತೋಳೊಡ್ಡಿದ ಕಲ್ಕತ್ತೆಯ ರೋಗಿಗಳ ಹೆಸರನ್ನು ಯಾರೂ ಸ್ಮರಿಸುವುದಿಲ್ಲ. ಯಾರ ದೇಹದ ಮೇಲೆ ವಿದ್ಯೆ ಬೆಳೆಯಿತೋ ಅವರಿಗೂ ಒಂದು ಪಾಲಿನ ಗೌರವ ಸಲ್ಲಬೇಕು. ಆ ಋಣವನ್ನು ತೀರಿಸುವ ಮಾರ್ಗವೊಂದೇ: ಮಲಿನವಾದ ನೀರಿನಿಂದ ಹಬ್ಬುವ ಈ ರೋಗಕ್ಕೆ ಮದ್ದನ್ನು ಹುಡುಕುವ ಮೊದಲೇ ನಮ್ಮ ಊರುಗಳ ನೀರನ್ನೂ ಚರಂಡಿಯನ್ನೂ ಶುದ್ಧವಾಗಿಡುವುದು. ಅದಕ್ಕೆ ಇಂದು ಪರಪ್ರಭುತ್ವವನ್ನು ದೂರುವಂತಿಲ್ಲ, ಹೊಣೆ ನಮ್ಮದೇ.